ಅತ್ತಿಗೆಯ ನಗು

"ಅತ್ತಿಗೆ, ಸ್ವಲ್ಪ ಮೇಲಕ್ಕೆ ಎತ್ತಿ ಹಿಡೀರಿ. ಒಂದು ಮಾತಿದೆ," ಎಂದಳು ಗುಬ್ಬಿ.

ಆ ಕಡೆಯಿಂದ ಬೆಡ್‌ಶೀಟಿನ ಎರಡು ಮೂಲೆಗಳು ತಲೆಗಿಂತ ಮೇಲಕ್ಕೆ ಹೋದವು. ಈ ಕಡೆಯ ಎರಡನ್ನು ಗುಬ್ಬಿಯೂ ಎತ್ತಿದಳು. ಇಸ್ತ್ರಿಯ ರೋಲರಿನಿಂದ ಆಗಷ್ಟೇ ಹೊರಬಿದ್ದ ಬಿಸಿಬಿಸಿ ಶೀಟು ನಡುವೆ ಜೋತುಬಿದ್ದು ಇಬ್ಬರ ಮುಖಕ್ಕೂ ಪರದೆಯಾಯಿತು. ಲಾಂಡ್ರಿಯ ಆ ಮೂಲೆಯಲ್ಲಿ ಯಂತ್ರಗಳ ಗದ್ದಲ ಎಷ್ಟಿರುತ್ತದೆಂದರೆ ಪಕ್ಕದಲ್ಲಿ ನಿಂತವರಿಗೂ ಮಾತು ಕೇಳಿಸದು. ಶೀಟಿನ ಎರಡು ತುದಿ ಹಿಡಿದವರಿಗೆ ಮಾತ್ರ ಹೇಗೋ ಕೇಳಿಸುತ್ತಿತ್ತು.

"ಬಟ್ಟೆ ತರೋ ವ್ಯಾನಿನವರು ನನ್ನನ್ನ ಮದುವೆ ಆಗ್ತೀರಾ ಅಂತ ಕೇಳಿದ್ರು," ಎಂದು ಗುಬ್ಬಿ ಪರದೆಗೆ ಹೇಳಿದಳು. "ನನಗೆ ಇಷ್ಟ ಇದೆ. ನೀವು ಹ್ಞೂಂ ಅಂದ್ರೆ ನಾನೂ ಹ್ಞೂಂ ಅಂತೀನಿ."

ಹೇಳಿ ಮುಗಿಸಿ, ಮೂಲೆಗಳನ್ನು ಕೂಡಿಸಿಕೊಂಡು, ಅತ್ತಿಗೆಯ ಕೈಗೆ ಕೊಡಲು ಮುಂದೆ ಬಂದಳು. ಅವರಿಬ್ಬರ ರೂಢಿಯೇ ಹಾಗೆ. ಎದುರಿಗೆ ನಿಂತು ಆಡಲಾಗದ ಮಾತನ್ನು ಶೀಟಿನ ಮರೆಯಲ್ಲಿ ಆಡುವುದು, ಮಡಿಸಲು ಹತ್ತಿರ ಬಂದಾಗ ಉತ್ತರವನ್ನು ಮುಖದ ಮೇಲೆ ನೋಡಿಕೊಳ್ಳುವುದು. ಇಷ್ಟು ವರ್ಷದಲ್ಲಿ ಅತ್ತಿಗೆಯ ಮುಖ ಓದಲು ಗುಬ್ಬಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಶೀಟು ಕೆಳಗಿಳಿಯಿತು. ಅತ್ತಿಗೆಯ ಮೇಲ್ತುಟಿ ನಡುವಿನಲ್ಲಿ ಮೂಗಿನ ಕಡೆಗೆ ಎದ್ದು ಹಲ್ಲು ಕಾಣುತ್ತಿತ್ತು. ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದಿತ್ತು. ಚಪ್ಪಲಿಗೆ ಏನೋ ಅಂಟಿದೆಯೆಂದು ಗೊತ್ತಾದಾಗ ಮಾಡುತ್ತಾರಲ್ಲ, ಅಂಥ ಮುಖ. ಮೂಗಿನಲ್ಲೇ ಏನೋ ಗೊಣಗಿದಂತಾಯಿತು, ಒಂದಕ್ಷರವೂ ತಿಳಿಯಲಿಲ್ಲ. ಗುಬ್ಬಿ ಕೊಟ್ಟ ಮೂಲೆಗಳನ್ನು ಹಿಡಿಯಲು ಹೋದ ಅತ್ತಿಗೆಯ ಬೆರಳು ಸಡಿಲವಾಗಿ, ಶೀಟು ನೆಲಕ್ಕೆ ಬಿತ್ತು. ಅತ್ತಿಗೆ ಬಗ್ಗಿ ಎತ್ತಲೂ ಇಲ್ಲ. ಹೋಗಿ ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟಳು.

ನೆಲ ಮುಟ್ಟಿದ ಶೀಟು ಮತ್ತೆ ಒಗೆತಕ್ಕೆ ಹೋಗಬೇಕು. ಗುಬ್ಬಿ ಅದನ್ನು ಮುದ್ದೆ ಮಾಡಿ ಕೊಳೆಬಟ್ಟೆಯ ಗಾಡಿಗೆ ಎಸೆದು, ಮುಖ ತಿರುಗಿಸಿಕೊಂಡು ಏಪ್ರನ್ ಬಿಚ್ಚಿದಳು.

ಗುಬ್ಬಿ ಎಂದು ಹೆಸರಿಟ್ಟಿದ್ದೇ ಅತ್ತಿಗೆ. ಅಣ್ಣನನ್ನು ಮದುವೆಯಾಗಿ ಈ ಮನೆಗೆ ಬಂದಾಗ ನಾದಿನಿ ಲಂಗದ ತುದಿ ಕಚ್ಚಿಕೊಂಡು ಬಾಗಿಲ ಹಿಂದೆ ಅವಿತುಕೊಳ್ಳುವ ವಯಸ್ಸಿನವಳು. ಅವಳ ತಲೆ ಬಾಚಿದ್ದು, ಲೆಕ್ಕ ಹೇಳಿಕೊಟ್ಟಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದ್ದು ಎಲ್ಲ ಅತ್ತಿಗೆಯೇ. ಅಮ್ಮ ಹಾಸಿಗೆ ಹಿಡಿದ ಮೇಲೆ ಗುಬ್ಬಿಯ ಪ್ರಾಯವೆಲ್ಲ ಆ ಹಾಸಿಗೆಯ ಪಕ್ಕದಲ್ಲೇ ಕಳೆಯಿತು. ಬಂದ ಗಂಡುಗಳು ಬಂದ ದಾರಿಯಲ್ಲೇ ಹೋದರು. ಅಮ್ಮ ಹೋದಾಗ ಗುಬ್ಬಿಗೆ ನಲವತ್ತು ಹತ್ತಿರವಾಗಿತ್ತು, ಮೈ ತುಂಬಿತ್ತು. "ಗುಬ್ಬಿ ಅಂತ ಕರೆದು ಸಾಕಿದೆ, ಹೆಬ್ಬಾತಾಗಿ ಬೆಳೆದುಬಿಟ್ಟೆಯಲ್ಲೇ," ಎಂದು ಅತ್ತಿಗೆ ಕಾಲೆಳೆಯುತ್ತಿದ್ದಳು. ಹೆಸರು ಮಾತ್ರ ಬದಲಾಗಲಿಲ್ಲ.

ಲಾಂಡ್ರಿಗೆ ಸೇರಿಸಿದ್ದೂ ಅತ್ತಿಗೆಯೇ. ಅಮ್ಮ ಇನ್ನೂ ಇದ್ದ ದಿನಗಳವು. ಪಕ್ಕದ ಮನೆಯ ಅಜ್ಜಿಯೊಬ್ಬಳು ಅಮ್ಮನನ್ನು ಅರ್ಧ ದಿನ ನೋಡಿಕೊಳ್ಳುತ್ತಿದ್ದಳು. ಮನೆ ಚಿಕ್ಕದು, ಅಮ್ಮನ ಕಿವಿ ಚುರುಕು. ಹಾಗಾಗಿ ಅತ್ತಿಗೆ ನಾದಿನಿಯರ ಗುಟ್ಟೆಲ್ಲ ಶೀಟಿನ ಮರೆಗೆ ಬಂತು. ಅಲ್ಲಿ ಆಡಿದ ಮಾತನ್ನು ಮನೆಗೆ ಒಯ್ಯುವಂತಿಲ್ಲ, ಮತ್ತೇನಾದರೂ ಹೇಳುವುದಿದ್ದರೆ ಅಲ್ಲೇ ಹೇಳಬೇಕು ಎಂಬುದು ಯಾರೂ ಬರೆಯದ ಕಾನೂನು. ಅಮ್ಮ ಹೋದ ಮೇಲೂ ಕಾನೂನು ಉಳಿದುಕೊಂಡಿತ್ತು.

ಮರುದಿನ ಶೀಟಿನ ಹತ್ತಿರ ಹೋದಾಗ ಅತ್ತಿಗೆ ಅಲ್ಲಿರಲಿಲ್ಲ. ಮೇಲ್ವಿಚಾರಕಿಯನ್ನು ಕೇಳಿಕೊಂಡು ಟವೆಲ್ ಮಡಿಸುವ ಮೇಜಿಗೆ ಹೋಗಿ ಕೂತಿದ್ದಳು. ಟವೆಲ್ ಒಬ್ಬರೇ ಮಡಿಸುವ ಕೆಲಸ, ಕೂತೇ ಮಾಡಬಹುದು. ಗುಬ್ಬಿಯ ಎದುರಿಗೆ ಬೇರೆ ಯಾರೋ ಬಂದು ನಿಂತು ಮೂಲೆಗಳನ್ನು ಸೊಟ್ಟ ಮಾಡಿ ಹಿಡಿದರು.

"ಯಾಕತ್ತಿಗೆ, ಟವೆಲಿಗೆ?" ಎಂದು ಊಟದ ಹೊತ್ತಿನಲ್ಲಿ ಕೇಳಿದಳು.

"ಸುಮ್ನೆ. ಒಂದಷ್ಟು ದಿನ ಕೂತ್ಕೊಳ್ಳೋಣ ಅಂತ," ಎಂದಳು ಅತ್ತಿಗೆ, ಟವೆಲಿನಿಂದ ಕಣ್ಣೆತ್ತದೆ.

ನನ್ನ ಎದುರಿಗೆ ನಿಲ್ಲಲೂ ಬೇಡವಾಯಿತು ಎಂದುಕೊಂಡಳು ಗುಬ್ಬಿ. ಅಲ್ಲಿಂದ ಮುಂದೆ ಕಂಡಿದ್ದೆಲ್ಲ ಅದಕ್ಕೇ ಸಾಕ್ಷಿ ಹೇಳಿತು. ರಾತ್ರಿಯ ಊಟದಲ್ಲಿ ಅತ್ತಿಗೆ ನಾಲ್ಕು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಅಡುಗೆ ಮಾಡಿದವಳು ಗುಬ್ಬಿ. ಮಾತಾಡಿಸಿದರೆ ಗಲ್ಲಕ್ಕೆ ಕೈಕೊಟ್ಟು ಕೂತು, ಬೇಕೋ ಬೇಡವೋ ಎಂಬಂತೆ ಮೂಗಿನಲ್ಲಿ ಉತ್ತರ ಕೊಡುತ್ತಿದ್ದಳು. ಉಳಿದವರ ಊಟ ಮುಗಿಯುವ ಮೊದಲೇ ಎದ್ದು ಹೋಗಿ ಮಲಗುತ್ತಿದ್ದಳು. ವಿಚಿತ್ರವೆಂದರೆ ಬೆಳಗಾದರೆ ಅದೇ ಹಳೇ ಅತ್ತಿಗೆ; ಕಾಲೆಳೆಯುವುದೇನು, ಅಣ್ಣನ ಕಾಲುಚೀಲದ ತೂತಿಗೆ ಬೆರಳು ಹಾಕಿ ನಗುವುದೇನು. ರಾತ್ರಿಯಿಡೀ ಯೋಚಿಸಿ ಬೇಸರಪಟ್ಟ ಗುಬ್ಬಿಗೆ ಆ ನಗು ಕಂಡರೆ ಇನ್ನಷ್ಟು ಉರಿಯುತ್ತಿತ್ತು. ಅಣ್ಣನೊಡನೆ ನಗಲು ಬರುತ್ತದೆ, ನನ್ನ ವಿಷಯಕ್ಕೆ ಮಾತ್ರ ಮೂಗು ಮುರಿಯುವುದು! ಅವಳು ಬೇಗ ಬೇಗ ಟೀ ಕುಡಿದು ಒಬ್ಬಳೇ ಮೊದಲ ಬಸ್ಸಿಗೆ ಹೋಗತೊಡಗಿದಳು.

ಅಣ್ಣ ಲಿಫ್ಟ್ ರಿಪೇರಿಯವನು. ಲೋಕದಲ್ಲಿ ಏನೇ ಕೆಟ್ಟರೂ ಅವನಿಗೆ ಲಿಫ್ಟಿನ ಉಪಮೆ. "ನಿನ್ನ ಅತ್ತಿಗೇದು ಬೆಳಿಗ್ಗೆ ಮೇಲಿನ ಮಹಡಿ, ಸಂಜೆ ನೆಲಮಾಳಿಗೆ. ವಯಸ್ಸಾಯ್ತಲ್ಲ, ಹಗ್ಗ ಸಡಿಲ ಆಗಿದೆ," ಎಂದು ನಕ್ಕುಬಿಟ್ಟ. ಗುಬ್ಬಿ ನಗಲಿಲ್ಲ.

ವ್ಯಾನಿನವನು ದಿನಕ್ಕೆ ಎರಡು ಸಲ ಬರುತ್ತಿದ್ದ, ಆಸ್ಪತ್ರೆ ಹೋಟೆಲುಗಳ ಕೊಳೆಬಟ್ಟೆ ಇಳಿಸಿ ಒಗೆದ ಗಂಟುಗಳನ್ನು ಏರಿಸಿಕೊಂಡು ಹೋಗಲು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಾತು ಕಡಿಮೆ, ಶಿಳ್ಳೆ ಹಾಕುತ್ತಿದ್ದ, ಅದೂ ರಾಗ ತಪ್ಪಿ. ಗುಬ್ಬಿ ಅವನನ್ನು ಮೆಚ್ಚಿದ್ದಕ್ಕೆ ಕಾರಣ ಕೇಳಿದರೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಗಂಟು ಇಳಿಸುವಾಗ ಅವನು ಪ್ರತಿಯೊಂದನ್ನೂ ತಿರುಗಿಸಿ, ಹಿಡಿಯಲು ಸುಲಭವಾಗಲೆಂದು ಗಂಟಿನ ಕಿವಿ ಅವಳ ಕಡೆಗೆ ಬರುವಂತೆ ಇಡುತ್ತಿದ್ದ. ಬೇರೆಯವರಿಗೆ ಹಾಗೆ ಇಡುತ್ತಿರಲಿಲ್ಲ. ಅದು ಗೊತ್ತಾಗಲು ಅವಳಿಗೆ ಒಂದು ಮಳೆಗಾಲ ಹಿಡಿದಿತ್ತು, ಗೊತ್ತಾದ ಮೇಲೆ ಮರೆಯಲು ಆಗಿರಲಿಲ್ಲ.

ವಾರ ಕಳೆಯಿತು. ಅತ್ತಿಗೆ ಶೀಟಿನ ಕಡೆ ಬರಲಿಲ್ಲ. ಒಂದು ಸಂಜೆ ಗಂಟುಗಳ ನಡುವೆ ನಿಂತು ಗುಬ್ಬಿ ಅವನಿಗೆ, "ಆಗಲ್ಲ ಅಂತ ಕಾಣುತ್ತೆ," ಎಂದಳು.

ಅವನು ಕೈಯಲ್ಲಿದ್ದ ಗಂಟನ್ನು ಕೆಳಗಿಟ್ಟ. "ಮನೇಲಿ ಬೇಡ ಅಂದ್ರಾ?"

"ಬಾಯಿ ಬಿಟ್ಟು ಅನ್ನಲಿಲ್ಲ."

"ನಿಮಗೆ?"

ಗುಬ್ಬಿ ಬಗ್ಗಿ ಒಂದು ಗಂಟನ್ನು ಎತ್ತಿಕೊಂಡಳು. ಅಮ್ಮನಂತೆ ಸಾಕಿದವಳು ಮೂಗು ಮುರಿದ ಮದುವೆಗೆ ಹೋಗಿ ತಾನು ಸುಖವಾಗಿರುವುದು ಅವಳ ಕಲ್ಪನೆಗೆ ಬರುತ್ತಿರಲಿಲ್ಲ. ಇವಳೂ ಮನುಷ್ಯಳಲ್ಲವೇ, ಇವಳಿಗೂ ಒಂದು ಆಸೆ ಬೇಡವೇ ಎಂದು ಅತ್ತಿಗೆಗೆ ಅನ್ನಿಸಲೇ ಇಲ್ಲವಲ್ಲ ಎಂದು ದುಃಖ ಉಕ್ಕಿಬಂತು. ಅವನು, "ಸರಿ ಬಿಡಿ," ಎಂದ. ಉಳಿದ ಗಂಟುಗಳನ್ನು ಇಳಿಸಿದ. ಆವತ್ತೂ ಪ್ರತಿ ಗಂಟಿನ ಕಿವಿ ಅವಳ ಕಡೆಗೇ ಇತ್ತು.

ಇದಾದ ಕೆಲವು ದಿನಕ್ಕೆ, ಮಧ್ಯಾಹ್ನದ ಟೀ ಹೊತ್ತಿನಲ್ಲಿ, ಕೆಲಸದವರೆಲ್ಲ ಹಿಂಬಾಗಿಲ ಕಟ್ಟೆಯ ಮೇಲೆ ಕೂತಿದ್ದರು. ವ್ಯಾನು ನಿಂತಿತ್ತು. ಅತ್ತಿಗೆ ಫ್ಲಾಸ್ಕಿನಿಂದ ಟೀ ಬಗ್ಗಿಸಿದಳು. ಟೀ ಲೋಟಕ್ಕೆ ಬೀಳದೆ ಪಕ್ಕದ ಕಲ್ಲಿನ ಮೇಲೆ ಹರಿಯಿತು.

"ಲೋಟ ಈ ಕಡೆ ಇದೆ ಅತ್ತಿಗೆ, ಎಲ್ಲಿ ನೋಡ್ತಿದೀರ?"

"ಎರಡು ಕಾಣ್ತಿದೆ. ಯಾವುದಕ್ಕೆ ಹಾಕಬೇಕೋ ಗೊತ್ತಾಗ್ಲಿಲ್ಲ," ಎಂದಳು ಅತ್ತಿಗೆ. ಸೊಟ್ಟ ಕಣ್ಣಿನಿಂದ ಅವಳನ್ನು ನೋಡಿ, "ನೀನೂ ಎರಡು ಕಾಣ್ತಿದೀಯ. ಒಂದನ್ನ ಸಾಕೋದ್ರಲ್ಲೇ ಸಾಕಾಗಿತ್ತು," ಎಂದು ಮೂಗಿನಲ್ಲಿ ಸೇರಿಸಿದಳು.

ಗುಬ್ಬಿಯೇ ಲೋಟ ತುಂಬಿಸಿ ಕೊಟ್ಟಳು. ಅತ್ತಿಗೆ ಒಂದು ಗುಟುಕು ಕುಡಿದಳು. ಟೀ ಗಂಟಲಿಗೆ ಇಳಿಯದೆ ಮೂಗಿನಿಂದ ಹೊರಗೆ ಬಂತು. ಕೆಮ್ಮಲು ನೋಡಿದಳು, ಕೆಮ್ಮೂ ಸರಿಯಾಗಿ ಬರಲಿಲ್ಲ. ಕಣ್ಣಲ್ಲಿ ನೀರು, ಮುಖವೆಲ್ಲ ಕೆಂಪು. ಗುಬ್ಬಿಯ ಕೋಪ ಎಲ್ಲಿ ಹೋಯಿತೋ. ಅತ್ತಿಗೆಯ ಬೆನ್ನಿನ ಮೇಲೆ ಕೈಯಿಟ್ಟು ಮುಂದಕ್ಕೆ ಬಗ್ಗಿಸಿ ತಟ್ಟಿದಳು, ಉಸಿರು ಸರಿಯಾಗುವ ತನಕ ತಟ್ಟುತ್ತಲೇ ಇದ್ದಳು. ಕೈಗೆ ಬರೀ ಮೂಳೆ ಸಿಕ್ಕಿತು. ಇಷ್ಟು ಯಾವಾಗ ಇಳಿದುಹೋದಳು ಇವಳು?

"ಎಷ್ಟು ದಿನದಿಂದ ಹೀಗೆ?"

ಅತ್ತಿಗೆ ಮುಖ ಒರೆಸಿಕೊಂಡಳು. "ಏನಿಲ್ಲ. ಸಂಜೆ ಆದ್ರೆ ಸ್ವಲ್ಪ ಕೈಕೊಡುತ್ತೆ. ಮಲಗಿ ಎದ್ರೆ ಸರಿಹೋಗುತ್ತೆ. ನಾಳೆ ನೋಡೋಣ."

ವ್ಯಾನಿನವನು ಮುಂದಿನ ಸೀಟಿನ ಮೇಲಿದ್ದ ರಸೀದಿ ಪುಸ್ತಕ, ನೀರಿನ ಬಾಟಲಿ ಎಲ್ಲ ತೆಗೆದು ಹಿಂದಕ್ಕೆ ಹಾಕಿ, ಸೀಟು ಒರೆಸಿ, ಬಾಗಿಲು ತೆರೆದು ಹಿಡಿದುಕೊಂಡು ನಿಂತ. ನಾಳೆ ಎಂಬ ಮಾತಿಗೆ ಅಲ್ಲಿ ಜಾಗವೇ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಸರದಿ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ನರರೋಗದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮಾತಿನಮಲ್ಲಿ. ಅತ್ತಿಗೆಯನ್ನು ಎದುರಿಗೆ ಕೂರಿಸಿಕೊಂಡು ತೋರುಬೆರಳು ಮೇಲೆತ್ತಿ, "ತಲೆ ಎತ್ತಬೇಡಿ ಅಮ್ಮ, ಕಣ್ಣು ಮಾತ್ರ. ಇದನ್ನೇ ನೋಡ್ತಾ ಇರಿ," ಎಂದರು. ಅತ್ತಿಗೆ ನೋಡಿದಳು. ನೋಡುತ್ತಿದ್ದಂತೆ ಎಡಗಣ್ಣಿನ ರೆಪ್ಪೆ ಅಂಗಡಿಯ ಶಟರಿನಂತೆ ಮೆಲ್ಲಗೆ ಇಳಿದು ಬಂತು. ಬಲಗಣ್ಣಿನದೂ ಇಳಿಯಿತು.

ಡಾಕ್ಟರು ಒಂದು ರಬ್ಬರ್ ಕೈಗವಸಿನಲ್ಲಿ ಐಸ್ ತುಂಬಿಸಿ ಗುಬ್ಬಿಯ ಕೈಗೆ ಕೊಟ್ಟರು. "ಎಡಗಣ್ಣು ಮುಚ್ಚಿಸಿ ಇದನ್ನ ಮೇಲೆ ಹಿಡ್ಕೊಳ್ಳಿ. ನಾನು ಹೇಳೋ ತನಕ ತೆಗೀಬೇಡಿ."

ಗುಬ್ಬಿ ಒಂದು ಕೈಯಿಂದ ಅತ್ತಿಗೆಯ ತಲೆಯ ಹಿಂದೆ ಆಸರೆ ಕೊಟ್ಟು, ಇನ್ನೊಂದರಿಂದ ಐಸ್ ಹಿಡಿದಳು. ಇಷ್ಟು ದಿನದಲ್ಲಿ ಇಬ್ಬರೂ ಇಷ್ಟು ಹತ್ತಿರ ಬಂದಿರಲಿಲ್ಲ. ಕರಗಿದ ನೀರು ಕೆನ್ನೆಯ ಮೇಲೆ ಇಳಿದಾಗ ಅದನ್ನು ತನ್ನ ತೋಳಿನಿಂದಲೇ ಒರೆಸಿದಳು. ಸಾಕು ಎಂದಾಗ ಕೈ ತೆಗೆದರೆ, ಆ ರೆಪ್ಪೆ ಮೇಲೆದ್ದಿತ್ತು. ಕಣ್ಣು ಪೂರ್ತಿ ತೆರೆದುಕೊಂಡು ಪಿಳಿಪಿಳಿ ನೋಡುತ್ತಿತ್ತು. ಇನ್ನೊಂದು ಕಣ್ಣು ಮಾತ್ರ ಹಾಗೇ ಅರ್ಧ ಮುಚ್ಚಿತ್ತು.

"ಅಂದ್ಕೊಂಡೆ," ಎಂದರು ಡಾಕ್ಟರು, ಪಂದ್ಯ ಗೆದ್ದವರ ಹಾಗೆ. "ಈಗ ಒಂದು ಸಲ ನಗಿ."

"ನಗೋಕೆ ಏನಿದೆ?" ಎಂದಳು ಅತ್ತಿಗೆ ಮೂಗಿನಲ್ಲಿ.

"ಏನಾದ್ರೂ ಖುಷಿಯಾಗಿದ್ದು ನೆನಪು ಮಾಡ್ಕೊಳ್ಳಿ. ಮನಸ್ಸಿಟ್ಟು ನಗಬೇಕು."

ಅತ್ತಿಗೆ ಯೋಚಿಸಿದಳು. ಗುಬ್ಬಿಯ ಕಡೆ ತಿರುಗಿದಳು. ಮೇಲ್ತುಟಿ ನಡುವಿನಲ್ಲಿ ಮೂಗಿನ ಕಡೆಗೆ ಎದ್ದಿತು, ಹಲ್ಲು ಕಂಡವು, ತುಟಿಯ ಎರಡು ಅಂಚುಗಳು ಇದ್ದಲ್ಲೇ ಉಳಿದವು. ಅದೇ ಮುಖ. ಶೀಟು ಕೆಳಗಿಳಿದಾಗ ಕಂಡಿದ್ದು ಇದೇ.

ಗುಬ್ಬಿ ಐಸನ್ನು ಮೇಜಿನ ಮೇಲಿಟ್ಟಳು. "ಇದು ನಗುನಾ?" ಎಂದಳು, ಯಾರನ್ನೆಂದಿಲ್ಲದೆ.

"ನಗೂನೇ," ಎಂದರು ಡಾಕ್ಟರು. "ನೋಡಿದವರಿಗೆ ಹಲ್ಲು ಕಚ್ಚಿ ಗುರ್ ಅಂದಂಗೆ ಕಾಣುತ್ತೆ. ಈ ಕಾಯಿಲೆ ಇರೋರ ನಗು ಎಷ್ಟೋ ಸಲ ಹೀಗೇ ಇರುತ್ತೆ. ಒಳಗಿಂದ ನಗು ಹೊರಟಿರುತ್ತೆ. ಕೆನ್ನೆಯ ಸ್ನಾಯುಗಳಿಗೆ ಪೂರ್ತಿ ತಲುಪೋದಿಲ್ಲ ಅಷ್ಟೇ."

"ಎಲ್ಲಿ ನಿಂತುಹೋಗುತ್ತೆ?" ಎಂದು ಕೇಳಿದವಳು ಅತ್ತಿಗೆ. ತನ್ನ ಕಾಯಿಲೆಗೆ ವಿಳಾಸ ಬೇಕಿತ್ತು ಅವಳಿಗೆ.

ಡಾಕ್ಟರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ತಮ್ಮ ಎರಡು ತೋರುಬೆರಳುಗಳನ್ನು ಎದುರುಬದುರು ಹಿಡಿದು, ತುದಿಗಳ ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟರು. "ಇದು ನರದ ತುದಿ, ಇದು ಸ್ನಾಯು. ನಡುವೆ ಒಂದು ಸಂದು. ಇಂಥ ಜಾಗಕ್ಕೆ ಸಿನಾಪ್ಸ್ ಅಂತಾರೆ. ಮಿದುಳಲ್ಲಿ ಒಂದು ನರಕ್ಕೂ ಇನ್ನೊಂದು ನರಕ್ಕೂ ನಡುವೆ ಇರೋದಕ್ಕೆ ಇಟ್ಟ ಹೆಸರು, ಇದೂ ಅದೇ ಜಾತಿ. ನರ ಈ ಸಂದಿನೊಳಗೆ ಒಂದಿಷ್ಟು ರಾಸಾಯನಿಕ ಬಿಡುತ್ತೆ, ಸ್ನಾಯು ಅದನ್ನ ಹಿಡ್ಕೊಂಡು ಕೆಲಸ ಮಾಡುತ್ತೆ. ನಿಮ್ಮಲ್ಲಿ ಕಳಿಸೋರು ಕಳಿಸ್ತಾನೇ ಇದಾರೆ ಅಮ್ಮ. ಹಿಡ್ಕೊಳ್ಳೋರನ್ನ ನಿಮ್ಮ ಮೈಯೇ ಶತ್ರು ಅಂದ್ಕೊಂಡು ಹೊಡೆದು ಹಾಕಿದೆ. ಉಳಿದವರು ಬೆಳಿಗ್ಗೆ ಹೇಗೋ ನಿಭಾಯಿಸ್ತಾರೆ, ಕೆಲಸ ಮಾಡ್ತಾ ಮಾಡ್ತಾ ಸುಸ್ತು."

"ಸಿನಾಪ್ಸಾ? ಎಂಥಾ ಹೆಸರದು?" ಎಂದಳು ಅತ್ತಿಗೆ.

ಡಾಕ್ಟರ ಮುಖ ಅರಳಿತು. ಈ ಪ್ರಶ್ನೆಯನ್ನು ಅವರಿಗೆ ಯಾವ ರೋಗಿಯೂ ಕೇಳಿರಲಿಕ್ಕಿಲ್ಲ. "ನಮ್ಮಪ್ಪ ಹಳೇ ಭಾಷೆಗಳ ಮೇಷ್ಟ್ರು. ಈ ಕಥೆ ಹೇಳಿ ಹೇಳಿ ನನ್ನ ತಲೆ ತಿಂದಿದ್ರು. ನೂರು ವರ್ಷದ ಹಿಂದೆ, ಇನ್ನೂ ಮುಂಚೆನೇ ಅನ್ನಿ, ಒಬ್ಬ ವಿಜ್ಞಾನಿ ಪಾಠದ ಪುಸ್ತಕಕ್ಕೆ ನರದ ವಿಷಯ ಬರೀತಿದ್ದ. ಒಂದು ನರ ಇನ್ನೊಂದನ್ನ ಸೇರೋ ಜಾಗಕ್ಕೆ ಹೆಸರೇ ಇರಲಿಲ್ಲ. ಅವನೇ ಒಂದು ಹೆಸರು ಯೋಚಿಸಿದ್ದ. ಆಮೇಲೆ ಗ್ರೀಕ್ ಪಂಡಿತರೊಬ್ಬರನ್ನ ಕೇಳಿದಾಗ ಅವರು ಇದನ್ನ ಸೂಚಿಸಿದ್ರಂತೆ. ಅವರ ಭಾಷೇಲಿ ಇದರ ಮೂಲ ಅರ್ಥ, ಒಂದನ್ನೊಂದು ಕೂಡಿ ಬಿಗಿಯಾಗಿ ಹಿಡ್ಕೊಳ್ಳೋದು ಅಂತ. ನಿಮ್ಮ ಡಾಕ್ಟರಿಕೆಗೆ ಒಂದು ಹೆಸರಿಡೋಕೂ ನಮ್ಮ ಹತ್ರ ಬರಬೇಕಾಯ್ತು ನೋಡು ಅಂತ ಅಪ್ಪ ನನ್ನ ಕೆಣಕ್ತಿದ್ರು."

"ಸಂದು ಇದೆ ಅಂದ್ರಲ್ಲ?" ಎಂದಳು ಗುಬ್ಬಿ.

"ಅದೇ ಮಜಾ. ಆಗ ಯಾರ ಸೂಕ್ಷ್ಮದರ್ಶಕಕ್ಕೂ ಅದು ಕಾಣ್ತಿರಲಿಲ್ಲ. ಎಷ್ಟೋ ವರ್ಷ ಆದ್ಮೇಲೆ ದೊಡ್ಡ ಯಂತ್ರ ಬಂದು ನೋಡಿದ್ರೆ, ನಡುವೆ ಜಾಗ ಬಿಟ್ಟು ಕೂತಿವೆ! ಹೆಸರು ಹಾಗೇ ಉಳೀತು."

ಅತ್ತಿಗೆ ತನ್ನ ಗಲ್ಲವನ್ನು ಅಂಗೈಯಲ್ಲಿ ಹಿಡಿದುಕೊಂಡು, ದವಡೆಗೆ ಆಸರೆ ಕೊಟ್ಟು, ಕಷ್ಟಪಟ್ಟು ಹೇಳಿದಳು: "ಇರ್ಲಿ ಬಿಡಿ. ಹೆಸರು ಸುಳ್ಳೇನಲ್ಲ." ಇಷ್ಟು ದಿನ ಅತ್ತಿಗೆ ಊಟದ ಮೇಜಿನಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂರುತ್ತಿದ್ದುದು ಯಾತಕ್ಕೆಂದು ಗುಬ್ಬಿಗೆ ಈಗ ಅರ್ಥವಾಯಿತು. ಅವಳು ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡಳು.

ರಕ್ತ ಪರೀಕ್ಷೆ, ಎದೆಯ ಸ್ಕ್ಯಾನ್ ಇನ್ನೂ ಆಗಬೇಕು, ಆದರೆ ಇದು ಹದ್ದುಬಸ್ತಿನಲ್ಲಿ ಇಡಬಹುದಾದ ಕಾಯಿಲೆ ಎಂದರು ಡಾಕ್ಟರು. ಒಂದು ಮಾತ್ರೆಯನ್ನು ನೀರಲ್ಲಿ ಕರಗಿಸಿ ಚಮಚದಲ್ಲಿ ಕುಡಿಸಿ, ಹೊರಗೆ ಕೂತಿರಿ, ಅರ್ಧ ಗಂಟೆ ಬಿಟ್ಟು ನೋಡುತ್ತೇನೆ ಎಂದು ಕಳಿಸಿದರು.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಕಾರಿಡಾರಿನಲ್ಲಿ ಯಾರೋ ನೆಲ ಒರೆಸುತ್ತಿದ್ದರು. ಗುಬ್ಬಿಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಇಲ್ಲಿ ಮುಖ ಮುಚ್ಚಿಕೊಳ್ಳಲು ಶೀಟೂ ಇಲ್ಲ.

"ಆವತ್ತು ನಾನು ಹೇಳಿದಾಗ ನೀವು ನಕ್ಕಿದ್ರಾ ಅತ್ತಿಗೆ?"

ಅತ್ತಿಗೆ ತಲೆಯಾಡಿಸಿದಳು. ಮಾತು ಇನ್ನೂ ಬಂದಿರಲಿಲ್ಲ.

"ಏನೋ ಅಂದ್ರಲ್ಲ, ಅದೇನು?"

ಅತ್ತಿಗೆ ತುಟಿಯಾಡಿಸಿ, ಆಗದೆ, ಸ್ವಲ್ಪ ತಾಳು ಎಂದು ಕೈಸನ್ನೆ ಮಾಡಿದಳು. ಕಾದರು. ಗೋಡೆಯ ಗಡಿಯಾರವನ್ನು ಗುಬ್ಬಿ ನೋಡಲಿಲ್ಲ, ಅತ್ತಿಗೆಯ ಮುಖವನ್ನೇ ನೋಡುತ್ತಿದ್ದಳು. ಮೊದಲು ಬಲಗಣ್ಣು ತೆರೆದುಕೊಂಡಿತು. ಜೋತುಬಿದ್ದ ಕೆನ್ನೆ ಗಟ್ಟಿಯಾಯಿತು. ಅತ್ತಿಗೆ ಕೈಯನ್ನು ಗಲ್ಲದಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಕೊನೆಗೂ ಕೇಳಿದ್ನಲ್ಲ ಮಹಾರಾಯ, ಅಂದೆ," ಎಂದಳು. ಸ್ವಂತ ಗಂಟಲಿನ ಸ್ಪಷ್ಟವಾದ ದನಿ. ತನಗೇ ಆಶ್ಚರ್ಯವಾಗಿ ಗಂಟಲು ಮುಟ್ಟಿ ನೋಡಿಕೊಂಡಳು. "ಅಯ್ಯೋ, ಬಂತಲ್ಲೇ! ಅದೇ ಅಂದಿದ್ದು. ಎಷ್ಟು ಖುಷಿಯಾಯ್ತು ಅಂದ್ರೆ ಕೈಯಲ್ಲಿದ್ದ ಶೀಟೇ ಬಿದ್ದೋಯ್ತು. ಖುಷಿಗೇ ಬಿತ್ತು ಅಂದ್ಕೊಂಡಿದ್ದೆ ನಾನು."

"ಮತ್ತೆ ಟವೆಲಿಗೆ ಯಾಕೆ ಹೋದ್ರಿ?"

"ಕೈ ಎತ್ತೋಕೆ ಆಗ್ತಿರಲಿಲ್ಲ ಕಣೇ. ನಿನಗೆ ಗೊತ್ತಾದ್ರೆ ನನ್ನ ನೋಡ್ಕೊಳ್ತೀನಿ ಅಂತ ಮದುವೆ ಬಿಟ್ಟು ಕೂರ್ತೀಯ. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ? ಮದುವೆ ಒಂದು ಮುಗೀಲಿ, ಆಮೇಲೆ ಡಾಕ್ಟರ ಹತ್ರ ಹೋದ್ರಾಯ್ತು ಅಂತಿದ್ದೆ. ಆ ವ್ಯಾನಿನವನು ನೋಡಿದ್ರೆ ಇತ್ತೀಚೆಗೆ ನನ್ನ ಮುಖಾನೂ ನೋಡಲ್ಲ. ಕೇಳಿ ಹಿಂದೆ ಸರಿದ್ನಾ ಅಂತ ಮೈಯೆಲ್ಲ ಉರಿದಿತ್ತು. ದಿನಾ ದುರುಗುಟ್ಟಿ ನೋಡ್ತಿದ್ದೆ."

"ಅವರು ಸರೀಲಿಲ್ಲ," ಎಂದಳು ಗುಬ್ಬಿ. "ನಾನೇ ಆಗಲ್ಲ ಅಂದೆ. ನೀವು ಮೂಗು ಮುರಿದ್ರಿ ಅಂದ್ಕೊಂಡು."

ಅತ್ತಿಗೆ ಬಾಯಿ ತೆರೆದು ಅವಳನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ತುಟಿಯ ಎರಡು ಅಂಚುಗಳೂ ಕೆನ್ನೆಯೊಳಕ್ಕೆ ಹೋಗುವ, ಕಣ್ಣು ಚಿಕ್ಕದಾಗುವ, ಹೊಟ್ಟೆ ಕುಣಿಯುವ ನಗು. ನೆಲ ಒರೆಸುತ್ತಿದ್ದವರು ತಿರುಗಿ ನೋಡಿದರು. ಗುಬ್ಬಿಗೂ ನಗು ಬಂತು, ನಗುತ್ತ ನಗುತ್ತ ಅಳು ಬಂತು, ಅತ್ತಿಗೆಯ ಭುಜದ ಮೇಲೆ ತಲೆಯಿಟ್ಟು ಹೆಬ್ಬಾತಿನಂಥ ಹೆಂಗಸು ಚಿಕ್ಕ ಹುಡುಗಿಯ ಹಾಗೆ ಬಿಕ್ಕಿದಳು.

"ಈಗ ಹೇಗೆ ಹೋಗ್ಲಿ ನಿಮ್ಮನ್ನ ಬಿಟ್ಟು?" ಎಂದಳು ಸ್ವಲ್ಪ ಹೊತ್ತಿನ ಮೇಲೆ.

ಅತ್ತಿಗೆ ಅವಳನ್ನು ಭುಜದಿಂದ ಎಬ್ಬಿಸಿ ನೇರ ಕೂರಿಸಿದಳು. "ಅತ್ತೆ ಹಾಸಿಗೆ ಪಕ್ಕ ನೀನು ಸವೆದಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ತಡೀಲಿಲ್ಲ. ತಡೀಬೇಕಿತ್ತು ಅಂತ ಎಷ್ಟು ಸಲ ಅನ್ನಿಸಿದೆ ಗೊತ್ತಾ? ಇನ್ನೊಂದು ಹಾಸಿಗೆ ಪಕ್ಕ ನೀನು ಕೂತ್ರೆ ನಾನು ಈ ಮಾತ್ರೆ ಮುಟ್ಟಲ್ಲ. ಡಾಕ್ಟರಮ್ಮನ ಎದುರಿಗೇ ಹೇಳ್ತೀನಿ ಬೇಕಾದ್ರೆ. ನನ್ನನ್ನ ನೋಡ್ಕೊಳ್ಳೋಕೆ ನಿಮ್ಮಣ್ಣ ಇಲ್ವಾ? ಊರಿನ ಲಿಫ್ಟೆಲ್ಲ ರಿಪೇರಿ ಮಾಡ್ತಾನೆ, ಮನೇದೊಂದು ಮಾಡ್ಲಿ."

ಅದು ನಿಜವಾದ ಕೋಪ. ಗುಬ್ಬಿಗೆ ಈಗ ವ್ಯತ್ಯಾಸ ತಿಳಿಯಿತು.

ಡಾಕ್ಟರು ಇನ್ನೊಮ್ಮೆ ನೋಡಿ, ಮಾತ್ರೆ ಬರೆದುಕೊಟ್ಟು, ಮರುದಿನ ಪರೀಕ್ಷೆಗೆ ಬರಹೇಳಿದರು. ಹೊರಗೆ ಬಂದರೆ ದೀಪ ಹೊತ್ತುವ ಹೊತ್ತು. ವ್ಯಾನಿನವನು ಹೋಗಿರಲಿಲ್ಲ. ಆ ಹೊತ್ತಿನ ಗಂಟುಗಳನ್ನು ಹೋಟೆಲಿಗೆ ಕೊಡದೆ ಹಾಗೇ ಇಟ್ಟುಕೊಂಡು, ಗೇಟಿನ ಹೊರಗೆ ಗಾಡಿಯ ಗಾಜು ಒರೆಸುತ್ತ ನಿಂತಿದ್ದ. ಇಬ್ಬರನ್ನೂ ಕಂಡು ಬಟ್ಟೆ ಕೆಳಗಿಟ್ಟ. ಅತ್ತಿಗೆ ಅವನ ಮುಖ ನೋಡಿ ನಕ್ಕಳು. ಇಷ್ಟು ದಿನ ಅವಳಿಂದ ದುರುಗುಟ್ಟಿಸಿಕೊಂಡಿದ್ದ ಪಾಪದ ಮನುಷ್ಯ ಗಾಬರಿಯಾಗಿ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದ.

ಅವನು ಮುಂದಿನ ಬಾಗಿಲು ತೆರೆದ. ಬರುವಾಗ ಮೂವರೂ ಮುಂದೆಯೇ ಕೂತಿದ್ದರು, ಅತ್ತಿಗೆ ನಡುವೆ. ಈಗ ಅತ್ತಿಗೆ ಆ ಬಾಗಿಲನ್ನು ದಾಟಿ ಹಿಂದಕ್ಕೆ ಹೋಗಿ, ಹಿಂಬಾಗಿಲು ತಾನೇ ತೆಗೆದು, ಒಗೆದ ಗಂಟುಗಳ ಮೇಲೆ ಹತ್ತಿ ಕೂತಳು.

"ಅತ್ತಿಗೆ, ಏನ್ ಮಾಡ್ತಿದೀರ? ಮುಂದೆ ಬನ್ನಿ!"

"ನಾನು ಮಲಕ್ಕೊಂಡು ಬರ್ತೀನಿ. ಜನ್ಮವೆಲ್ಲ ಇವನ್ನ ಮಡಿಸಿದ್ದೇ ಆಯ್ತು, ಒಂದು ದಿನಾನಾದ್ರೂ ಮೇಲೆ ಮಲಗ್ತೀನಿ," ಎಂದು ಅತ್ತಿಗೆ ಒಳಗಿನಿಂದಲೇ ಬಾಗಿಲು ಎಳೆದುಕೊಂಡಳು.

ಗುಬ್ಬಿ ಮುಂದೆ ಹತ್ತಿ ಕೂತಳು. ನಡುವಿನ ಜಾಗ ಖಾಲಿ ಉಳಿಯಿತು. ಹಿಂದೆ ಮಲಗಿದವಳಿಗೆ ಕುಲುಕಬಾರದೆಂದು ಅವನು ಎಷ್ಟು ನಿಧಾನ ಓಡಿಸಿದನೆಂದರೆ ಸೈಕಲ್ಲುಗಳು ಕೂಡ ಮುಂದೆ ಹೋದವು. ಕಾಯಿಲೆಯೇನೆಂದು ಕೇಳಿದ, ಅವಳು ಹೇಳಿದಳು. ವಾಸಿಯಾಗುತ್ತದೆಯೇ ಎಂದು ಕೇಳಿದ, ಅವಳು ಅದನ್ನೂ ಹೇಳಿದಳು. ಗಾಡಿ ಸೇತುವೆ ದಾಟಿತು.

"ಅವತ್ತು ಕೇಳಿದ್ರಲ್ಲ," ಎಂದಳು ಗುಬ್ಬಿ, ರಸ್ತೆ ನೋಡುತ್ತ. "ಇನ್ನೊಂದು ಸಲ ಕೇಳ್ತೀರಾ?"

ಅವನು ಕನ್ನಡಿ ನೋಡಿಕೊಂಡು, ಕೈ ಹೊರಗೆ ಹಾಕಿ, ಗಾಡಿಯನ್ನು ಮೆಲ್ಲಗೆ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಎಂಜಿನ್ ಆರಿಸಿದ. ಹ್ಯಾಂಡ್‌ಬ್ರೇಕ್ ಎಳೆದ. ಎರಡೂ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಅವಳ ಕಡೆ ತಿರುಗಿದ, ಬಾಯಿ ತೆರೆದ, ಮಾತು ಹೊರಡಲಿಲ್ಲ.

ಆಗ ಬೆನ್ನ ಹಿಂದಿನ ತಗಡಿಗೆ ಒಳಗಿನಿಂದ ಯಾರೋ ಮುಷ್ಟಿ ಕಟ್ಟಿ ಧಬ್ ಧಬ್ ಎಂದು ಗುದ್ದಿದರು, ಸೀಟು ಅದುರುವಷ್ಟು ಗಟ್ಟಿಯಾಗಿ.

ಅವನು ಕೇಳಿದ.